ಭತ್ತ ಒಣಗಿದ ಸವಳು ಗದ್ದೆಯಲ್ಲಿ ಕರಿಕೆ ಮಾತ್ರ ಹಸಿರು: ಹುಲ್ಲು ಉಪ್ಪನ್ನು ತಾಳೋದು ಹೇಗೆ?

ಕಾಲುವೆ ನೀರು ನಿಂತು ಬಿಸಿಲು ಏರಿದ ಮೇಲೆ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆಯ ತಗ್ಗು ಗದ್ದೆಗಳನ್ನು ಒಮ್ಮೆ ನೋಡಿ. ನೆಲದ ಮೇಲೆ ಸುಣ್ಣ ಚೆಲ್ಲಿದ ಹಾಗೆ ಬಿಳಿ ಪದರ. ಹಿಂದಿನ ಬೆಳೆಯ ಭತ್ತದ ಬುಡಗಳು ಅಲ್ಲೊಂದು ಇಲ್ಲೊಂದು. ನಾಟಿ ಮಾಡಿದ್ದರಲ್ಲಿ ಅರ್ಧಕ್ಕರ್ಧ ಸುಟ್ಟ ಹಾಗೆ ಹೋಗಿರುತ್ತೆ. ಅದೇ ಗದ್ದೆಯ ಬದುವಿನ ಮೇಲೆ, ಬಿಳಿ ಪದರದ ಅಂಚಿನಲ್ಲೇ, ಕರಿಕೆ ಮಾತ್ರ ಹಸಿರಾಗಿ ಹಬ್ಬಿರುತ್ತೆ. ಆಡು, ಕುರಿ, ಎಮ್ಮೆ ಅಲ್ಲೇ ಬಾಯಿ ಹಾಕುತ್ತವೆ.

ಕರಿಕೆ ಅಂದ್ರೆ ಬೇರೇನಲ್ಲ, ಗಣಪತಿಗೆ ಏರಿಸ್ತೀವಲ್ಲ, ಆ ಗರಿಕೆಯೇ. ಗೊಬ್ಬರ ಹಾಕಿ, ನೀರು ಕಟ್ಟಿ ಸಾಕಿದ ಭತ್ತ ಸಾಯುವ ನೆಲದಲ್ಲಿ, ಯಾರೂ ಕಣ್ಣೆತ್ತಿ ನೋಡದ ಈ ಹುಲ್ಲು ಹೇಗೆ ಬದುಕುತ್ತೆ? ಅದು ಬದುಕಿದ ಮಾತ್ರಕ್ಕೆ ನೆಲ ಸರಿಹೋಗುತ್ತಾ? ಸವಳು ಬಿದ್ದ ಎಕರೆಯನ್ನು ಬೀಳು ಬಿಟ್ಟು ಕೂತವರಿಗೆ ಇದರಿಂದ ಏನಾದರೂ ಲಾಭ ಇದೆಯಾ? ಒಂದೊಂದಾಗಿ ನೋಡೋಣ.

ಉಪ್ಪು ಎಲ್ಲಿಂದ ಬಂತು?

"ಕಾಲುವೆ ನೀರಲ್ಲೇ ಉಪ್ಪು ಬಂತು" ಅಂತ ಹೇಳೋರು ಬಹಳ ಜನ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನಮ್ಮ ಎರೆ ಭೂಮಿಯ ಕೆಳಪದರದಲ್ಲಿ ಉಪ್ಪು ಮೊದಲಿಂದಲೂ ಇತ್ತು. ಮಳೆ ವರ್ಷಕ್ಕೆ ಸುಮಾರು 600 ಮಿ.ಮೀ., ಬಿಸಿಲು ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ನೀರು ಹೀರುವಂಥದ್ದು. ಹಾಗಾಗಿ ಉಪ್ಪು ತೊಳೆದು ಹೋಗದೆ ಆಳದಲ್ಲೇ ಉಳಿದಿತ್ತು. ಜೋಳ, ಹತ್ತಿ ಬೆಳೆಯುವ ಕಾಲದಲ್ಲಿ ಅದು ಯಾರ ತಂಟೆಗೂ ಬರಲಿಲ್ಲ.

1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಕಾಲುವೆಗೆ ಬಂತು. ಯೋಜನೆ ಮಾಡಿದಾಗ ಬಹುಭಾಗ ಜಮೀನಿಗೆ ಕಡಿಮೆ ನೀರಿನ ಬೆಳೆ ಅಂತ ಲೆಕ್ಕ ಹಾಕಲಾಗಿತ್ತು. ಆದರೆ ನೀರು ಸಿಕ್ಕ ಕಡೆಯೆಲ್ಲ ಭತ್ತ ಬಂತು. ಗದ್ದೆಯಲ್ಲಿ ತಿಂಗಳುಗಟ್ಟಲೆ ನಿಂತ ನೀರು ಕೆಳಗೆ ಇಳಿಯಿತು, ಹೊರಗೆ ಹರಿದು ಹೋಗಲು ಬಸಿಗಾಲುವೆ ಸಾಲಲಿಲ್ಲ. ನೆಲದಡಿಯ ನೀರಿನ ಮಟ್ಟ ಮೇಲೆ ಬಂತು. ಆ ಮಟ್ಟ ಐದಾರು ಅಡಿಗಿಂತ ಹತ್ತಿರ ಬಂದರೆ ಬತ್ತಿ ಎಣ್ಣೆ ಹೀರಿದ ಹಾಗೆ ಮಣ್ಣು ನೀರನ್ನು ಮೇಲಕ್ಕೆ ಎಳೆಯುತ್ತೆ. ಮೇಲೆ ಬಂದ ನೀರು ಬಿಸಿಲಿಗೆ ಆವಿಯಾಗುತ್ತೆ. ನೀರಿನ ಜೊತೆ ಬಂದ ಉಪ್ಪು ಮಾತ್ರ ಆವಿಯಾಗಲ್ಲ, ಅಲ್ಲೇ ಕೂರುತ್ತೆ.

ಇದು ಅಂಗಡಿಯವರಿಗೂ ಗೊತ್ತಿರುವ ವಿಷಯವೇ. ತಗ್ಗಿನಲ್ಲಿರುವ ಹಳೇ ಅಂಗಡಿಯ ಗೋಡೆ ಬುಡದಲ್ಲಿ ಎರಡು ಮೂರು ಅಡಿವರೆಗೆ ಬಣ್ಣ ಉಬ್ಬಿ, ಪುಡಿಪುಡಿಯಾಗಿ ಉದುರುತ್ತಲ್ಲ, ಅದೂ ಇದೇ ಕಥೆ. ಎಷ್ಟು ಸಲ ಬಣ್ಣ ಬಳಿದರೂ ಕೆಳಗಿನ ತೇವ ನಿಲ್ಲೋವರೆಗೆ ಉಪ್ಪು ಬರೋದು ನಿಲ್ಲಲ್ಲ. ಹೊಲವೂ ಹಾಗೇ. ಮೇಲಿನ ಬಿಳಿ ಪದರ ಕೆರೆದು ಎಸೆದರೆ ಒಂದು ಹಂಗಾಮು ಚೆನ್ನಾಗಿ ಕಾಣಬಹುದು, ಮುಂದಿನ ಬೇಸಿಗೆಗೆ ಮತ್ತೆ ಬರುತ್ತೆ.

ಇನ್ನೊಂದು ವ್ಯತ್ಯಾಸ ತಿಳಿದಿರಬೇಕು. ಬಿಳಿ ಪದರ ಕಟ್ಟುವುದು ಸವಳು. ನೀರು ಹಾಕಿದರೆ ಇಂಗದೆ, ಕದಡಿ, ಒಣಗಿದಾಗ ಕಲ್ಲಿನ ಹಾಗೆ ಗಟ್ಟಿಯಾಗುವುದು ಕರ್ಲು. ಸವಳಿನಲ್ಲಿ ಉಪ್ಪಿನ ಒಟ್ಟು ಪ್ರಮಾಣ ಜಾಸ್ತಿ. ಕರ್ಲಿನಲ್ಲಿ ಸೋಡಿಯಂ ಮಣ್ಣಿನ ಕಣಕ್ಕೇ ಅಂಟಿಕೊಂಡಿರುತ್ತೆ. ಎರಡೂ ಒಟ್ಟಿಗೆ ಇರುವ ಹೊಲಗಳೂ ಇವೆ. ಮದ್ದು ಮಾತ್ರ ಬೇರೆ ಬೇರೆ.

ಉಪ್ಪು ಗಿಡಕ್ಕೆ ಕೊಡೋದು ಎರಡು ಪೆಟ್ಟು

ಮೊದಲ ಪೆಟ್ಟು ಬಾಯಾರಿಕೆ. ಸೌತೆಕಾಯಿ ಹೋಳಿಗೆ ಉಪ್ಪು ಸವರಿ ಇಟ್ಟರೆ ಐದೇ ನಿಮಿಷಕ್ಕೆ ನೀರು ಬಿಡುತ್ತೆ. ನೀರು ಯಾವಾಗಲೂ ಉಪ್ಪು ಜಾಸ್ತಿ ಇರುವ ಕಡೆಗೆ ಎಳೆದುಕೊಂಡು ಹೋಗುತ್ತೆ. ಬೇರಿನ ಒಳಗಿಗಿಂತ ಹೊರಗಿನ ಮಣ್ಣಿನಲ್ಲಿ ಉಪ್ಪು ಜಾಸ್ತಿಯಾದರೆ ಬೇರಿಗೆ ನೀರು ಎಳೆಯಲು ಆಗಲ್ಲ. ಗದ್ದೆ ತುಂಬ ನೀರು ನಿಂತಿದ್ದರೂ ಗಿಡ ಬಾಯಾರಿ ಬಾಡುವುದು ಇದಕ್ಕೇ. "ನೀರು ಕಡಿಮೆ ಆಯ್ತೇನೋ" ಅಂತ ಇನ್ನಷ್ಟು ನೀರು ಬಿಟ್ಟು, ಬಸಿದು ಹೋಗಲು ದಾರಿ ಮಾಡದಿದ್ದರೆ ರೋಗ ಇನ್ನೂ ಹೆಚ್ಚುತ್ತೆ.

ಎರಡನೇ ಪೆಟ್ಟು ವಿಷ. ನಿಧಾನಕ್ಕೆ ಸೋಡಿಯಂ, ಕ್ಲೋರೈಡ್ ಎರಡೂ ನೀರಿನ ಜೊತೆ ಎಲೆಗೆ ಏರುತ್ತವೆ. ಗಿಡದ ಜೀವಕೋಶದ ಕೆಲಸಗಳಿಗೆ ಪೊಟ್ಯಾಶಿಯಂ ಬೇಕು. ಸೋಡಿಯಂ ಅದರ ಹಾಗೇ ಕಾಣುತ್ತೆ, ಅದರ ಜಾಗದಲ್ಲಿ ಬಂದು ಕೂರುತ್ತೆ, ಕೆಲಸ ಮಾತ್ರ ಮಾಡಲ್ಲ. ಎಲೆಯ ತುದಿಯಿಂದ ಸುಟ್ಟುಕೊಂಡು ಬರೋದು ಈ ಹಂತದಲ್ಲಿ.

ಯಾವ ಬೆಳೆ ಎಷ್ಟು ತಾಳುತ್ತೆ ಅನ್ನೋದಕ್ಕೆ ಒಂದು ಅಳತೆ ಇದೆ. ಮಣ್ಣು ಪರೀಕ್ಷೆ ಚೀಟಿಯಲ್ಲಿ "ಇ.ಸಿ." ಅಂತ ಇರುತ್ತಲ್ಲ, ಅದು. ಮಣ್ಣನ್ನು ನೀರಿನಲ್ಲಿ ಪೂರ್ತಿ ನೆನೆಸಿ, ಬಸಿದ ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತೆ ಅಂತ ನೋಡುತ್ತಾರೆ. ಈ ಲೆಕ್ಕದಲ್ಲಿ 4 ದಾಟಿದರೆ ಸವಳು ಮಣ್ಣು. ಪ್ರಪಂಚದಾದ್ಯಂತ ಬಳಸುವ ಕೋಷ್ಟಕದ ಪ್ರಕಾರ ಇಳುವರಿ ಇಳಿಯಲು ಶುರುವಾಗುವ ಮಟ್ಟ ಹೀಗಿದೆ:

- ಈರುಳ್ಳಿ: 1.2
- ಮೆಕ್ಕೆಜೋಳ: 1.7
- ಭತ್ತ: 3
- ಶೇಂಗಾ: 3.2
- ಜೋಳ: 6.8
- ಕರಿಕೆ: 6.9
- ಹತ್ತಿ: 7.7

ಭತ್ತದಲ್ಲಿ 3 ದಾಟಿದ ಮೇಲೆ ಒಂದೊಂದು ಅಂಕಕ್ಕೆ ಸುಮಾರು ಶೇ 12ರಷ್ಟು ಇಳುವರಿ ಹೋಗುತ್ತೆ. ಅಂದರೆ 7ಕ್ಕೆ ಬರುವ ಹೊತ್ತಿಗೆ ಅರ್ಧ ಬೆಳೆ ಇಲ್ಲ. ಅದೇ 7ರಲ್ಲಿ ಕರಿಕೆಗೆ ತೊಂದರೆ ಈಗಷ್ಟೇ ಶುರು. ಅದರ ಬೆಳವಣಿಗೆ ಅರ್ಧಕ್ಕೆ ಇಳಿಯಬೇಕಾದರೆ 14-15ರ ತನಕ ಹೋಗಬೇಕು. ಬದುವಿನಲ್ಲಿ ನಮ್ಮ ಕಣ್ಣಿಗೆ ಕಾಣುವ ವ್ಯತ್ಯಾಸಕ್ಕೆ ಲೆಕ್ಕ ಇದೇ.

ಹುಲ್ಲಿನ ಒಳಗೆ ನಡೆಯೋದೇನು?

ಉಪ್ಪು ತಾಳುವ ಹುಲ್ಲುಗಳು ಒಂದೇ ಉಪಾಯದ ಮೇಲೆ ನಿಂತಿಲ್ಲ. ನಾಲ್ಕೈದು ಕೆಲಸ ಒಟ್ಟಿಗೆ ಮಾಡುತ್ತವೆ.

ಒಂದು, ಬಾಗಿಲಲ್ಲೇ ತಡೆಯೋದು. ಬೇರಿನ ಒಳಗೆ ಒಂದು ಸುತ್ತು ಜೀವಕೋಶಗಳ ಗೋಡೆಗೆ ಮೇಣದಂಥ ಪಟ್ಟಿ ಇರುತ್ತೆ. ನೀರು ಸಂದಿಯಲ್ಲಿ ನುಸುಳಿ ಹೋಗಲು ಬಿಡದೆ, ಜೀವಕೋಶದ ಮೂಲಕವೇ ಹಾಯುವಂತೆ ಮಾಡುತ್ತೆ. ಅಲ್ಲಿ ಬೇಕಾದ್ದು ಒಳಗೆ, ಬೇಡದ್ದು ಹೊರಗೆ ಅಂತ ಆರಿಸಲು ಸಾಧ್ಯ. ಒಳಗೆ ಬಂದ ಸೋಡಿಯಂನ ಒಂದಷ್ಟನ್ನು ಬೇರು ಮತ್ತೆ ಹೊರಗೆ ತಳ್ಳುತ್ತೆ. ಈ ವ್ಯವಸ್ಥೆ ಭತ್ತಕ್ಕೂ ಇದೆ. ಆದರೆ ಉಪ್ಪು ಹೆಚ್ಚಾದಾಗ ಭತ್ತದ ಬೇರಿನಲ್ಲಿ ಸೋರಿಕೆ ಜಾಸ್ತಿ.

ಎರಡು, ಒಳಗೆ ಬಂದದ್ದನ್ನು ಕೂಡಿ ಹಾಕೋದು. ಪ್ರತಿ ಜೀವಕೋಶದ ನಡುವೆ ನೀರು ತುಂಬಿದ ಒಂದು ಚೀಲ ಇರುತ್ತೆ. ಗಿಡ ಸೋಡಿಯಂ ಅನ್ನು ಪಂಪ್ ಮಾಡಿ ಈ ಚೀಲಕ್ಕೆ ತುಂಬುತ್ತೆ. ಕೆಲಸ ನಡೆಯುವ ಜಾಗ ಬೇರೆ, ಉಪ್ಪಿನ ಗೋದಾಮು ಬೇರೆ. ಇದರಲ್ಲಿ ಲಾಭವೂ ಇದೆ. ಒಳಗೆ ಉಪ್ಪು ಇರುವುದರಿಂದ ಹೊರಗಿನ ಉಪ್ಪು ಮಣ್ಣಿನಿಂದ ನೀರು ಎಳೆಯುವ ಶಕ್ತಿ ಬರುತ್ತೆ. ವೈರಿಯನ್ನೇ ಕೆಲಸಕ್ಕೆ ಹಚ್ಚಿದ ಹಾಗೆ.

ಮೂರು, ಸಮತೋಲನ. ಚೀಲದಲ್ಲಿ ಅಷ್ಟು ಉಪ್ಪು ಇದ್ದರೆ ಅದರ ಸುತ್ತಲಿನ ಜೀವರಸದ ನೀರು ಚೀಲಕ್ಕೇ ಹೋಗಿಬಿಡಬೇಕಲ್ಲ? ಹಾಗಾಗದಂತೆ ಹುಲ್ಲು ಗ್ಲೈಸಿನ್ ಬೀಟೇನ್, ಪ್ರೋಲಿನ್ ಅನ್ನುವ ವಸ್ತುಗಳನ್ನು ತಯಾರಿಸಿ ಜೀವರಸದಲ್ಲಿ ತುಂಬುತ್ತೆ. ಇವು ನೀರನ್ನು ಹಿಡಿದಿಡುತ್ತವೆ, ಆದರೆ ಉಪ್ಪಿನ ಹಾಗೆ ಹಾನಿ ಮಾಡಲ್ಲ. ಭತ್ತ ಗ್ಲೈಸಿನ್ ಬೀಟೇನ್ ಕೂಡಿಸಿಡುವ ಬೆಳೆಯಲ್ಲ.

ನಾಲ್ಕು, ಎಲೆಯಿಂದಲೇ ಹೊರಗೆ ಹಾಕೋದು. ಎಲ್ಲಕ್ಕಿಂತ ಸೋಜಿಗ ಇದೇ. ಕರಿಕೆ ಮತ್ತು ಅದರ ಬಳಗದ ಹಲವು ಹುಲ್ಲುಗಳ ಎಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳಿವೆ. ಒಂದೊಂದು ಕೂದಲಿಗೆ ಎರಡೇ ಜೀವಕೋಶ. ಕೆಳಗಿನದು ಎಲೆಯ ಒಳಗಿಂದ ಉಪ್ಪು ನೀರನ್ನು ಎತ್ತಿಕೊಡುತ್ತೆ, ಮೇಲಿನದು ಅದನ್ನು ಹೊರಗೆ ಒಸರುತ್ತೆ. ನೀರು ಆರಿದ ಮೇಲೆ ಎಲೆಯ ಮೇಲೆ ಉಪ್ಪಿನ ಕಣ ಉಳಿಯುತ್ತೆ. ಮಳೆಗೆ, ಇಬ್ಬನಿಗೆ ತೊಳೆದು ಹೋಗುತ್ತೆ, ಗಾಳಿಗೆ ಉದುರುತ್ತೆ. ಕರಿಕೆಯಲ್ಲಿ ಇದು ಬರಿಗಣ್ಣಿಗೆ ಅಷ್ಟು ಕಾಣಲ್ಲ. ತೀರಾ ಸವಳಿನಲ್ಲಿ ಬೆಳೆಯುವ ಹುಲ್ಲುಗಳಲ್ಲಿ ಒಣ ಹವೆ ಇದ್ದಾಗ ಎಲೆ ಮೇಲೆ ಬಿಳಿ ಪುಡಿ ಕಾಣುತ್ತೆ, ನಾಲಿಗೆಗೆ ತಾಗಿಸಿದರೆ ಉಪ್ಪು.

ನಾವು ಬೆಳೆಯುವ ಭತ್ತಕ್ಕೆ ಈ ದಾರಿ ಇಲ್ಲ. ಆದರೆ ಭತ್ತದ್ದೇ ಕುಲದ ಒಂದು ಕಾಡು ಜಾತಿ, ಒರೈಜಾ ಕೊಆರ್ಕ್‌ಟೇಟಾ, ಬಂಗಾಳದ ಸುಂದರಬನದ ಉಪ್ಪು ಕೆಸರಿನಲ್ಲಿ ಬೆಳೆಯುತ್ತೆ. ಅದರ ಎಲೆಯಲ್ಲಿ ಉಪ್ಪು ಹೊರಹಾಕುವ ಕೂದಲುಗಳಿವೆ. ವಿಜ್ಞಾನಿಗಳು ಆ ಗಿಡದ ಬೆನ್ನು ಹತ್ತಿರೋದು ಅದಕ್ಕೇ.

ಐದು, ನೀರಿನ ಉಳಿತಾಯ ಮತ್ತು ಸಮಯಪಾಲನೆ. ಜೋಳ, ಸಜ್ಜೆಯ ಹಾಗೆ ಕರಿಕೆಯೂ ಕಡಿಮೆ ನೀರು ಬಿಟ್ಟು ಹೆಚ್ಚು ಬೆಳೆಯುವ ಜಾತಿ. ಎಲೆ ಕಡಿಮೆ ನೀರು ಆವಿ ಮಾಡಿದರೆ ಬೇರಿನಿಂದ ಕಡಿಮೆ ಉಪ್ಪು ನೀರು ಮೇಲೆ ಬರುತ್ತೆ. ಉಪ್ಪು ತುಂಬಿದ ಹಳೇ ಎಲೆಯನ್ನು ಒಣಗಿಸಿ ಉದುರಿಸಿ, ಹೊಸ ಚಿಗುರನ್ನು ಉಳಿಸಿಕೊಳ್ಳುತ್ತೆ. ಬೀಜ ಮೊಳೆಯುವ ಹೊತ್ತು ಯಾವ ಗಿಡಕ್ಕೂ ಅಪಾಯದ ಹೊತ್ತೇ. ಅದಕ್ಕೆ ಸವಳಿನ ಹುಲ್ಲುಗಳ ಬೀಜ ಸುಮ್ಮನೆ ಕಾದು, ಜೋರು ಮಳೆಗೆ ಮೇಲಿನ ಉಪ್ಪು ತೊಳೆದ ಮೇಲೆ ಮೊಳೆಯುತ್ತವೆ. ಬೀಜವನ್ನೇ ನಂಬದೆ ತೆವಳುವ ಕಾಂಡದಿಂದ ಹಬ್ಬುವ ಜಾತಿಗಳೂ ಇವೆ. ಒಳ್ಳೇ ಜಾಗದಲ್ಲಿ ಬೇರು ಬಿಟ್ಟ ತಾಯಿ ಗಿಡ, ಪಕ್ಕದ ಸವಳಿಗೆ ಕಾಲಿಟ್ಟ ಮರಿಗೆ ನೀರು, ಆಹಾರ ಕಳಿಸುತ್ತೆ. ಬದುವಿನ ಕರಿಕೆ ಬಿಳಿ ಪದರದೊಳಗೆ ಕೈ ಚಾಚಿದ ಹಾಗೆ ಬರೋದು ಹೀಗೆ.

ಇದೆಲ್ಲ ಪುಕ್ಕಟೆ ಅಲ್ಲ. ಪಂಪ್ ಓಡಿಸಲು, ಆ ವಸ್ತುಗಳನ್ನು ತಯಾರಿಸಲು, ಎಲೆ ಕಳೆದುಕೊಂಡು ಹೊಸದು ಬಿಡಲು ಶಕ್ತಿ ಖರ್ಚಾಗುತ್ತೆ. ಅದಕ್ಕೇ ಸವಳಿನ ಕರಿಕೆ ಗಿಡ್ಡ, ನಿಧಾನ. ಬದುಕುತ್ತೆ ಅಂದರೆ ಚೆನ್ನಾಗಿ ಬೆಳೆಯುತ್ತೆ ಅಂತ ಅರ್ಥ ಅಲ್ಲ. ಉಪ್ಪು ತಾಳುವ ಹುಲ್ಲಿಗೂ ಉಪ್ಪು ಕಡಿಮೆ ಇದ್ದರೇ ಖುಷಿ.

ಇದೇ ಹುಲ್ಲಿನ ಮೇಲೆ ನಿಂತ ಊರುಗಳು: ಕಚ್‌ನ ಬನ್ನಿ

ನಮಗೆ ಸವಳು ಅಂದರೆ ಹಾಳಾದ ಗದ್ದೆ. ಆದರೆ ಹುಟ್ಟಾ ಸವಳು ನೆಲದಲ್ಲೇ ತಲೆಮಾರುಗಳಿಂದ ದನ ಸಾಕಿ ಬದುಕಿದವರೂ ಇದ್ದಾರೆ. ಗುಜರಾತಿನ ಕಚ್ ಜಿಲ್ಲೆಯಲ್ಲಿ, ದೊಡ್ಡ ರಣ್‌ಗೆ ಅಂಟಿಕೊಂಡು ಬನ್ನಿ ಅನ್ನುವ ಹುಲ್ಲುಗಾವಲು ಇದೆ. ಸುಮಾರು 2,500 ಚದರ ಕಿ.ಮೀ. ವಿಸ್ತಾರ. ಮಳೆ ವರ್ಷಕ್ಕೆ 300 ಮಿ.ಮೀ. ಆಸುಪಾಸು, ಅಂದರೆ ನಮ್ಮ ಅರ್ಧ, ಅದೂ ಒಂದು ವರ್ಷ ಬಂದರೆ ಇನ್ನೊಂದು ವರ್ಷ ಇಲ್ಲ. ನೆಲ ಚಪ್ಪಟೆ, ಉಪ್ಪು.

ಅಲ್ಲಿ ಮಾಲ್ಧಾರಿಗಳು ಅನ್ನುವ ದನಗಾಹಿ ಸಮುದಾಯಗಳಿವೆ. ಅವರು ಸಾಕಿದ ಬನ್ನಿ ಎಮ್ಮೆಗೆ 2010ರಲ್ಲಿ ಪ್ರತ್ಯೇಕ ತಳಿ ಅಂತ ಮಾನ್ಯತೆ ಸಿಕ್ಕಿತು. ಈ ಎಮ್ಮೆಗಳು ರಾತ್ರಿ ತಾವೇ ಮೇಯಲು ಹೋಗಿ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಊರಿಗೆ ಮರಳುತ್ತವೆ. ಅವು ಮೇಯುವ ಹುಲ್ಲು ಜಾಗದ ಉಪ್ಪಿನ ಪ್ರಕಾರ ಬದಲಾಗುತ್ತೆ. ತುಸು ಎತ್ತರದ, ಉಪ್ಪು ಕಡಿಮೆ ಇರುವ ಕಡೆ ಎತ್ತರವಾಗಿ ಬೆಳೆಯುವ ಒಳ್ಳೇ ಮೇವಿನ ಹುಲ್ಲುಗಳು. ಉಪ್ಪು ಜಾಸ್ತಿಯಾದ ಹಾಗೆ ಸ್ಪೊರೊಬೋಲಸ್ ಜಾತಿಯವು. ತೀರಾ ಉಪ್ಪಿನಲ್ಲಿ ಅಲ್ಯೂರೋಪಸ್ ಅನ್ನುವ, ನೆಲಕ್ಕೆ ಅಂಟಿ ತೆವಳುವ ಮೊನಚು ಎಲೆಯ ಹುಲ್ಲು. ಈ ಅಲ್ಯೂರೋಪಸ್ ಸಮುದ್ರದ ನೀರಿನಷ್ಟು ಉಪ್ಪಿಗೆ ಹತ್ತಿರದ ಮಟ್ಟದಲ್ಲೂ ಜೀವ ಹಿಡಿದುಕೊಳ್ಳಬಲ್ಲದು. ಎಲೆ ಮೇಲೆ ಉಪ್ಪಿನ ಕಣ ಮಿನುಗುವುದನ್ನು ಇದರಲ್ಲಿ ಕಾಣಬಹುದು.

ಬನ್ನಿಯ ಕಥೆಯಲ್ಲಿ ನಮಗೆ ಹತ್ತಿರದ ಇನ್ನೊಂದು ಭಾಗ ಇದೆ. 1960ರ ದಶಕದಲ್ಲಿ, ರಣ್‌ನ ಉಪ್ಪು ಮುಂದೆ ಬರದಂತೆ ತಡೆಯಬೇಕು ಅಂತ ಅಲ್ಲಿ ಒಂದು ಮರ ನೆಟ್ಟರು. ಪ್ರೊಸೊಪಿಸ್ ಜೂಲಿಫ್ಲೋರಾ. ನಾವು ಬಳ್ಳಾರಿ ಜಾಲಿ ಅಂತ ಕರೆಯೋದು ಅದನ್ನೇ. ಉಪ್ಪು ತಾಳುತ್ತೆ, ಬರ ತಾಳುತ್ತೆ, ಸೌದೆಯೂ ಸಿಗುತ್ತೆ ಅಂತ ನೆಟ್ಟದ್ದು. ದನಗಳು ಅದರ ಕಾಯಿ ತಿಂದು ಸಗಣಿಯಲ್ಲಿ ಬೀಜ ಹರಡಿದವು. ಕೆಲವೇ ದಶಕಗಳಲ್ಲಿ ಹುಲ್ಲುಗಾವಲಿನ ದೊಡ್ಡ ಭಾಗ ಮುಳ್ಳಿನ ಕಾಡಾಯಿತು. ಅಲ್ಲಿನವರು ಅದಕ್ಕೆ ಇಟ್ಟ ಹೆಸರು "ಗಾಂಡೋ ಬಾವಳ", ಅಂದರೆ ಹುಚ್ಚು ಜಾಲಿ. ಈಗ ಜಾಲಿ ಕಿತ್ತು ಹುಲ್ಲು ವಾಪಸ್ ತರುವ ಕೆಲಸ ಅಲ್ಲಲ್ಲಿ ನಡೀತಾ ಇದೆ.

ನಮ್ಮಲ್ಲಿ ಸವಳು ಬಿದ್ದು ನಾಲ್ಕೈದು ವರ್ಷ ಬೀಳು ಬಿಟ್ಟ ಹೊಲ ಏನಾಗುತ್ತೆ ಅಂತ ಬೇರೆ ಹೇಳಬೇಕಿಲ್ಲ. ಮೊದಲು ಬದುವಿನಲ್ಲಿ ನಾಲ್ಕು ಜಾಲಿ, ಆಮೇಲೆ ಹೊಲವೇ ಜಾಲಿ. ಅದನ್ನು ಕಿತ್ತು ಮತ್ತೆ ಸಾಗುವಳಿಗೆ ತರುವ ಖರ್ಚು, ಜೆಸಿಬಿ ಬಾಡಿಗೆ ಕೊಟ್ಟವರಿಗೇ ಗೊತ್ತು. ಹೊಲ ಖಾಲಿ ಬಿಡೋದಕ್ಕಿಂತ ಹುಲ್ಲು ಕೂರಿಸೋದು ಮೇಲು ಅನ್ನೋದಕ್ಕೆ ಮೊದಲ ಕಾರಣ ಇದು.

ಹುಲ್ಲು ಉಪ್ಪನ್ನು ಹೀರಿ ನೆಲ ಸರಿ ಮಾಡುತ್ತಾ?

"ನಾಲ್ಕು ವರ್ಷ ಹುಲ್ಲು ಬೆಳೆದು ಕೊಯ್ದರೆ ಉಪ್ಪೆಲ್ಲ ಹೋಗುತ್ತೆ" ಅನ್ನೋ ಮಾತು ಕೇಳಿರ್ತೀರಿ. ಒಂದು ಸರಳ ಲೆಕ್ಕ ಹಾಕಿ ನೋಡೋಣ.

ಒಂದು ಎಕರೆಯ ಮೇಲಿನ ಒಂದಡಿ ಮಣ್ಣು ಸುಮಾರು 1,600 ಟನ್ ತೂಗುತ್ತೆ. ಅದರಲ್ಲಿ ನೂರಕ್ಕೆ 0.3ರಷ್ಟು ಉಪ್ಪು ಇದೆ ಅಂತ ಹಿಡಿಯೋಣ. ಅಂದರೆ ಸುಮಾರು 5 ಟನ್ ಉಪ್ಪು. ಆ ಎಕರೆಯಲ್ಲಿ ವರ್ಷಕ್ಕೆ 4 ಟನ್ ಒಣ ಹುಲ್ಲು ಬಂತು, ಅದರ ನೂರಕ್ಕೆ 6 ಪಾಲು ಉಪ್ಪು ಅಂತಲೇ ಇಟ್ಟುಕೊಳ್ಳಿ. ಹುಲ್ಲಿನ ಜೊತೆ ಹೊರಗೆ ಹೋದದ್ದು 240 ಕೆ.ಜಿ. ಇನ್ನೊಂದು ಕಡೆ, ಕಾಲುವೆ ನೀರಿನಲ್ಲಿ ಲೀಟರಿಗೆ ಕಾಲು ಗ್ರಾಂ ಮಾತ್ರ ಉಪ್ಪು ಅಂತ ಹಿಡಿದರೂ, ನಾಲ್ಕಡಿ ಎತ್ತರದಷ್ಟು ನೀರು ಕುಡಿಯುವ ಒಂದು ಭತ್ತದ ಬೆಳೆಗೆ ಎಕರೆಗೆ ಒಂದು ಟನ್ ಮೇಲೆ ಉಪ್ಪು ಬಂದು ಬೀಳುತ್ತೆ. ಬಸಿದು ಹೋಗದಿದ್ದರೆ ಅದೂ ಅಲ್ಲೇ. ಹುಲ್ಲು ಕೊಯ್ದು ಉಪ್ಪು ಖಾಲಿ ಮಾಡೋದು ಅಂದರೆ ಚಮಚದಲ್ಲಿ ಬಾವಿ ಬರಿದು ಮಾಡಿದ ಹಾಗೆ.

ಹಾಗಾದರೆ ಹುಲ್ಲಿನಿಂದ ಏನು ಉಪಯೋಗ? ಉಪಯೋಗ ಬೇರೆ ಕಡೆ ಇದೆ.

ನೆಲಕ್ಕೆ ಹೊದಿಕೆ ಆಗುತ್ತೆ. ಬರೀ ನೆಲ ಬಿಸಿಲಿಗೆ ತೆರೆದುಕೊಂಡಿದ್ದರೆ ಮೇಲ್ಮೈಯಿಂದ ಆವಿಯಾಗುವ ನೀರು ಜಾಸ್ತಿ, ಮೇಲೆ ಏರಿ ಕೂರುವ ಉಪ್ಪೂ ಜಾಸ್ತಿ. ಹುಲ್ಲಿನ ನೆರಳು ಬಿದ್ದರೆ ಅದು ನಿಧಾನವಾಗುತ್ತೆ.

ಬೇರು ಮಣ್ಣಿನಲ್ಲಿ ದಾರಿ ಮಾಡುತ್ತೆ. ಬೇರು ಸತ್ತ ಜಾಗದಲ್ಲಿ ಸಣ್ಣ ಸಣ್ಣ ಕೊಳವೆಗಳು ಉಳಿಯುತ್ತವೆ. ಮಳೆ ನೀರು ಅವುಗಳಲ್ಲಿ ಇಳಿದು ಉಪ್ಪನ್ನು ಕೆಳಗೆ ಒಯ್ಯುತ್ತೆ. ಕೆಳಗಿಂದ ಹೊರಗೆ ಹೋಗಲು ಬಸಿಗಾಲುವೆ ಇದ್ದರೆ ಕೆಲಸ ಪೂರ್ತಿ.

ಕರ್ಲು ನೆಲದಲ್ಲಿ ಇನ್ನೊಂದು ಕೆಲಸವೂ ಆಗುತ್ತೆ. ಬೇರು ಉಸಿರಾಡಿ ಬಿಡುವ ಇಂಗಾಲದ ಡೈಆಕ್ಸೈಡ್ ಮಣ್ಣಿನ ನೀರಿನಲ್ಲಿ ಸೇರಿ ಸ್ವಲ್ಪ ಹುಳಿಯಾಗುತ್ತೆ. ಅದು ಮಣ್ಣಿನಲ್ಲಿರುವ ಸುಣ್ಣಕಲ್ಲನ್ನು ಕರಗಿಸುತ್ತೆ. ಕರಗಿದ ಕ್ಯಾಲ್ಸಿಯಂ ಸೋಡಿಯಂ ಅನ್ನು ಮಣ್ಣಿನ ಕಣದಿಂದ ಎಬ್ಬಿಸಿ ತಾನು ಕೂರುತ್ತೆ. ಜಿಪ್ಸಂ ಹಾಕಿದಾಗ ಆಗೋದೂ ಇದೇ. ಹುಲ್ಲು ಅದನ್ನು ಖರ್ಚಿಲ್ಲದೆ, ಆದರೆ ನಿಧಾನಕ್ಕೆ ಮಾಡುತ್ತೆ. ಹರಿಯಾಣದ ಕರ್ನಾಲ್‌ನಲ್ಲಿ 1969ರಿಂದ ಇರುವ ಕೇಂದ್ರ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ ಕರ್ಲು ನೆಲಕ್ಕೆ ಒಂದು ಹುಲ್ಲನ್ನು ಮುಂದೆ ತಂದಿತು. ಅದರ ಹೆಸರೇ ಕರ್ನಾಲ್ ಹುಲ್ಲು ಆಗಿಬಿಟ್ಟಿದೆ. ಪಾಕಿಸ್ತಾನದ ಪಂಜಾಬಿನಲ್ಲಿ ಇದಕ್ಕೆ ಕಲ್ಲರ್ ಹುಲ್ಲು ಅಂತಾರೆ. ಅಲ್ಲೂ ಕೆಟ್ಟ ನೆಲಕ್ಕೆ ಮೊದಲ ಬೆಳೆಯಾಗಿ ಇದನ್ನು ಬೆಳೆಸಿದ್ದಾರೆ. ನೀರು ನಿಂತರೂ ತಾಳುತ್ತೆ, ಎಲೆಯಿಂದ ಉಪ್ಪು ಒಸರುತ್ತೆ. ಇದರ ಬೇರಿನಲ್ಲಿ ಗಾಳಿಯ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾಗಳೂ ಸಿಕ್ಕಿವೆ.

ಕೊನೆಯದಾಗಿ ಮೇವು. ಏನೂ ಬರದ ಎಕರೆಯಿಂದ ಎರಡು ಎಮ್ಮೆಗೆ ಕೆಲವು ತಿಂಗಳ ಹಸಿ ಮೇವು ಸಿಕ್ಕರೆ, ಬೇಸಿಗೆಯಲ್ಲಿ ಕಣಿಕೆ ಕೊಳ್ಳುವ ದುಡ್ಡು ಅಷ್ಟು ಉಳಿಯುತ್ತೆ.

ಸವಳು ಹೊಲ ಇರುವವರು ಏನು ಮಾಡಬಹುದು?

ಮೊದಲು ಮಣ್ಣು ಪರೀಕ್ಷೆ. ಬೇಸಿಗೆಯಲ್ಲಿ, ನೀರು ಬಿಡುವ ಮುಂಚೆ, ಮೇಲಿನ ಅರ್ಧ ಅಡಿ ಮತ್ತು ಅದರ ಕೆಳಗಿನ ಅರ್ಧ ಅಡಿ ಮಣ್ಣನ್ನು ಬೇರೆ ಬೇರೆ ಚೀಲದಲ್ಲಿ ತೆಗೆದುಕೊಳ್ಳಿ. ಬಿಳಿ ಬಿದ್ದ ಜಾಗದ್ದು ಬೇರೆ, ಚೆನ್ನಾಗಿರುವ ಜಾಗದ್ದು ಬೇರೆ ಇರಲಿ. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಗಂಗಾವತಿ ಸಂಶೋಧನಾ ಕೇಂದ್ರ ಸವಳು-ಜವಳು ವಿಷಯದಲ್ಲೇ ಕೆಲಸ ಮಾಡುತ್ತೆ, ಅಲ್ಲೂ ಕೇಳಬಹುದು.

ಚೀಟಿ ಓದುವಾಗ ಒಂದು ಎಚ್ಚರ. ಮೇಲೆ ಹೇಳಿದ 4ರ ಗೆರೆ, ಬೆಳೆಗಳ ಪಟ್ಟಿ ಎರಡೂ ಮಣ್ಣನ್ನು ನೆನೆಸಿ ಬಸಿದ ನೀರಿನ ಲೆಕ್ಕದ್ದು. ಬಹಳಷ್ಟು ಪ್ರಯೋಗಾಲಯಗಳು ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಅಳೆಯುತ್ತವೆ. ನೀರು ಜಾಸ್ತಿ ಬೆರೆತಾಗ ಅಂಕಿ ಚಿಕ್ಕದಾಗಿ ಬರುತ್ತೆ. "ನಂದು 2 ಇದೆ, 4ರ ಒಳಗೇ ಇದೆ" ಅಂತ ನೆಮ್ಮದಿ ಪಡಬೇಡಿ. ಯಾವ ಪದ್ಧತಿಯಲ್ಲಿ ಅಳೆದದ್ದು ಅಂತ ಕೇಳಿ. ಸವಳೋ ಕರ್ಲೋ ಅನ್ನೋದನ್ನೂ ಕೇಳಿ. ಬರೀ ಸವಳಿಗೆ ಜಿಪ್ಸಂ ಸುರಿದರೆ ದುಡ್ಡು ದಂಡ. ಅದು ಬೇಕಾಗೋದು ಕರ್ಲಿಗೆ.

ಹುಲ್ಲು ಕೂರಿಸುವುದಾದರೆ ಮಳೆಗಾಲದಲ್ಲಿ ಎರಡು ಮೂರು ಜೋರು ಮಳೆ ಆದ ಮೇಲೆ ಕೂರಿಸಿ. ಮೇಲಿನ ಉಪ್ಪು ಆಗ ಇಳಿದಿರುತ್ತೆ. ಬೀಜ ಎರಚೋದಕ್ಕಿಂತ ಬೇರು ಸಮೇತ ಕಿತ್ತ ಬುಡ ಅಥವಾ ಗೆಣ್ಣು ಇರುವ ಕಾಂಡದ ತುಂಡು ನಾಟಿ ಮಾಡೋದು ಖಾತ್ರಿ. ಬೋದು ಮಾಡಿದ್ದರೆ ನೆತ್ತಿಯ ಮೇಲೆ ನೆಡಬೇಡಿ. ಬತ್ತಿ ಎಳೆದ ಹಾಗೆ ಉಪ್ಪೆಲ್ಲ ಏರಿ ಕೂರೋದು ಅಲ್ಲೇ. ಇಳಿಜಾರಿನ ಮಗ್ಗುಲಲ್ಲಿ ನೆಡಿ.

ಯಾವ ಹುಲ್ಲು? ಸಾಧಾರಣ ಸವಳಿಗೆ ಕರಿಕೆ ಮತ್ತು ರೋಡ್ಸ್ ಹುಲ್ಲು. ನೀರು ನಿಲ್ಲುವ ಜವಳಿಗೆ ಪ್ಯಾರಾ ಹುಲ್ಲು. ಕರ್ಲಿಗೆ ಕರ್ನಾಲ್ ಹುಲ್ಲು. ಆದರೆ ಕರಿಕೆ, ಪ್ಯಾರಾ ಎರಡೂ ಹಿಡಿತ ತಪ್ಪಿದರೆ ಕಳೆ. ಪಕ್ಕದ ಒಳ್ಳೇ ಗದ್ದೆಗೆ ನುಗ್ಗುತ್ತವೆ. ಪ್ಯಾರಾ ಹುಲ್ಲು ಬಸಿಗಾಲುವೆಗೆ ಇಳಿದರೆ ನೀರು ಹರಿಯೋದನ್ನೇ ಕಟ್ಟುತ್ತೆ. ಎಲ್ಲಿ ಬೇಕೋ ಅಲ್ಲಿಗಷ್ಟೇ ಇರಲಿ.

ಮೊದಲ ಹಂಗಾಮು ದನ ಬಿಡಬೇಡಿ. ಬೇರು ಊರುವ ಮುಂಚೆ ಮೇಯಿಸಿದರೆ, ಹಸಿ ನೆಲ ತುಳಿದು ಗಟ್ಟಿಯಾದರೆ, ಮತ್ತೆ ಬಿಳಿ ಪದರವೇ. ಕೊಯ್ದು ಹಾಕೋದು ಒಳ್ಳೇದು. ತೀರಾ ಸವಳಿನ ಹುಲ್ಲನ್ನು ಒಂದನ್ನೇ ಹಾಕದೆ ಕಣಿಕೆ ಅಥವಾ ಬೇರೆ ಮೇವಿನ ಜೊತೆ ಬೆರೆಸಿ. ಉಪ್ಪು ತಿಂದ ದನಕ್ಕೆ ಬಾಯಾರಿಕೆ ಜಾಸ್ತಿ, ಸಿಹಿ ನೀರು ಸಾಕಷ್ಟು ಕುಡಿಸಿ. ಸವಳು ಹೊಂಡದ ನೀರನ್ನೇ ಕುಡಿಸಿದರೆ ಮೇಯಿಸಿದ್ದೂ ದಂಡ.

ಜಾಲಿ ಸಸಿ ಕಂಡ ವರ್ಷವೇ ಬೇರು ಸಮೇತ ಕೀಳಿ. ಮೊಣಕಾಲುದ್ದ ಇದ್ದಾಗ ಒಬ್ಬ ಆಳಿನ ಕೆಲಸ, ಆಳೆತ್ತರ ಆದರೆ ಯಂತ್ರದ ಕೆಲಸ.

ಇಷ್ಟೆಲ್ಲ ಆದಮೇಲೂ ಒಂದು ಮಾತು ಉಳಿಯುತ್ತೆ. ಸವಳಿಗೆ ನಿಜವಾದ ಮದ್ದು ನೀರು ಬಸಿದು ಹೋಗುವ ದಾರಿ. ಹೂಳು ತುಂಬಿದ ಬಸಿಗಾಲುವೆ ತೆಗೆಯೋದು, ಬೇಕಾದ ಕಡೆ ನೆಲದಡಿ ಮೂರು ನಾಲ್ಕು ಅಡಿ ಆಳದಲ್ಲಿ ತೂತಿನ ಪೈಪ್ ಹಾಕಿ ನೀರು ಬಸಿಯೋದು, ಮೇಲಿನ ಗದ್ದೆಯವರು ಬೇಕಾದಷ್ಟೇ ನೀರು ಕಟ್ಟೋದು. ಇದು ಒಬ್ಬ ರೈತನ ಕೈಯಲ್ಲಿಲ್ಲ. ಮೇಲಿನವನ ಗದ್ದೆಯಲ್ಲಿ ಇಳಿದ ನೀರೇ ಕೆಳಗಿನವನ ಗದ್ದೆಯಲ್ಲಿ ಉಪ್ಪಾಗಿ ಏಳುತ್ತೆ. ನೀರು ಬಳಕೆದಾರರ ಸಂಘದ ಸಭೆಯಲ್ಲಿ ಕಾಲುವೆಗೆ ಯಾವಾಗ ನೀರು ಬಿಡ್ತಾರೆ ಅನ್ನೋದರ ಜೊತೆಗೆ ಬಸಿಗಾಲುವೆ ಹೂಳು ಯಾವಾಗ ತೆಗೀತಾರೆ ಅಂತಲೂ ಕೇಳಬೇಕಾದ್ದು ಅದಕ್ಕೆ.

ಅಲ್ಲಿವರೆಗೆ ಬೀಳು ಬಿಟ್ಟ ಎಕರೆಗೆ ಹುಲ್ಲು ಹೊದಿಸಿ ಇಟ್ಟರೆ ಮೂರು ಲಾಭ: ಉಪ್ಪು ಏರೋದು ನಿಧಾನ ಆಗುತ್ತೆ, ಜಾಲಿಗೆ ಜಾಗ ಇರಲ್ಲ, ಎಮ್ಮೆಗೆ ಮೇವು ಸಿಗುತ್ತೆ. ಮುಂದೆ ಬಸಿಗಾಲುವೆ ಸರಿಯಾದ ದಿನ, ಉಪ್ಪು ತೊಳೆದು ಮತ್ತೆ ಜೋಳವೋ ಹತ್ತಿಯೋ ಬಿತ್ತಲು ಆ ನೆಲ ಸಿದ್ಧವಾಗಿರುತ್ತೆ. ಈ ಸಲ ಗದ್ದೆ ಕಡೆ ಹೋದಾಗ ಬಿಳಿ ಪದರದ ಅಂಚಿನಲ್ಲಿ ಯಾವ ಯಾವ ಹುಲ್ಲು ಹಸಿರಾಗಿದೆ ಅಂತ ಒಮ್ಮೆ ಬಗ್ಗಿ ನೋಡ್ರಿ. ನಿಮ್ಮ ನೆಲದ ಉಪ್ಪಿಗೆ ಯಾವುದು ಒಗ್ಗುತ್ತೆ ಅಂತ ಅರ್ಧ ಉತ್ತರ ಅಲ್ಲೇ ಸಿಗುತ್ತೆ, ಉಳಿದರ್ಧ ಮಣ್ಣು ಪರೀಕ್ಷೆ ಚೀಟಿಯಲ್ಲಿ.